ಓಎಲ್‌ಇಡಿ ಬೆಳಕಿನ ಲಾಭ-ನಷ್ಟ

ಮೊಬೈಲ್ ಫೋನ್, ಟಿ.ವಿ., ಮಳಿಗೆಯ ಪ್ರದರ್ಶನ ಫಲಕ ಮುಂತಾದೆಡೆ ಓಎಲ್‌ಇಡಿ ಪರದೆಗಳು ಇಂದು ವ್ಯಾಪಕವಾಗಿ ಬಳಕೆಯಲ್ಲಿವೆ. ಅವುಗಳ ವಿದ್ಯುತ್ ವೆಚ್ಚ ಹಾಗೂ ಬಾಳಿಕೆಗಳು ಬಹುಮಟ್ಟಿಗೆ ‘ಎಕ್ಸಿಟಾನ್’ ಎಂಬ ಸೂಕ್ಷ್ಮ ಜೋಡಿಯ ವರ್ತನೆಯನ್ನು ಅವಲಂಬಿಸಿವೆ.

ಓಎಲ್‌ಇಡಿಯಲ್ಲಿ ಇಂಗಾಲ ಮೂಲದ ಪದಾರ್ಥಗಳ ಅತಿ ತೆಳುವಾದ ಪದರಗಳಿರುತ್ತವೆ. ವಿದ್ಯುತ್ ಹರಿದಾಗ ಒಂದು ಬದಿಯಿಂದ ಎಲೆಕ್ಟ್ರಾನ್‌ಗಳೂ ಮತ್ತೊಂದು ಬದಿಯಿಂದ ಎಲೆಕ್ಟ್ರಾನ್ ತೆರವಾದ ಸ್ಥಾನಗಳಾದ ‘ರಂಧ್ರ’ಗಳೂ ಒಳಬರುತ್ತವೆ. ಇವೆರಡೂ ಸಂಧಿಸಿ ಬಿಗಿಯಾಗಿ ಬೆಸೆದುಕೊಂಡ ಜೋಡಿಯೇ ಎಕ್ಸಿಟಾನ್. ಅದು ಅಣುವಿನಿಂದ ಅಣುವಿಗೆ ಜಿಗಿಯುತ್ತ ಸಾಗಿ, ಕೊನೆಗೆ ಬೆಳಕಾಗಿ ಇಲ್ಲವೇ ಶಾಖವಾಗಿ ಮುಗಿಯುತ್ತದೆ.

ಮುಕ್ಕಾಲು ಪಾಲು ನಷ್ಟ

ಸರಾಸರಿ 4 ಎಕ್ಸಿಟಾನ್‌ಗಳಲ್ಲಿ 1 ‘ಸಿಂಗ್ಲೆಟ್’, ಉಳಿದ 3 ‘ಟ್ರಿಪ್ಲೆಟ್’ ಸ್ಥಿತಿಯಲ್ಲಿರುತ್ತವೆ. ಕೊಡಾಕ್ ಸಂಸ್ಥೆಯ ಚಿಂಗ್ ಟ್ಯಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್ 1987ರಲ್ಲಿ ಪ್ರಕಟಿಸಿದ ಸಾಧನದಂತಹ ಆರಂಭದ ಓಎಲ್‌ಇಡಿಗಳಲ್ಲಿ ಸಿಂಗ್ಲೆಟ್ ಮಾತ್ರ ಬೆಳಕು ನೀಡುತ್ತಿತ್ತು. ಹೂಡಿದ ಬಂಡವಾಳದಲ್ಲಿ ಮುಕ್ಕಾಲು ಪಾಲು ಶಾಖವಾಗಿ ಸೋರಿಹೋಗುತ್ತಿತ್ತು.

ಅಮೆರಿಕದ ಸ್ಟೀಫನ್ ಫಾರೆಸ್ಟ್ ಮತ್ತು ಮಾರ್ಕ್ ಥಾಂಪ್ಸನ್ ಅವರ ತಂಡ 1998ರಲ್ಲಿ ಪ್ಲಾಟಿನಂ ಸಂಯುಕ್ತವನ್ನು ಬೆರೆಸಿ ಟ್ರಿಪ್ಲೆಟ್‌ಗಳಿಂದಲೂ ಬೆಳಕು ಪಡೆಯಿತು. ಬಳಿಕ ಇರಿಡಿಯಂ ಸಂಯುಕ್ತಗಳು ಕೆಂಪು ಮತ್ತು ಹಸಿರು ಬೆಳಕಿಗೆ ನೆಲೆಯಾದವು. ಆದರೆ ಇವು ವಿರಳ, ದುಬಾರಿ ಲೋಹಗಳು. ಜಪಾನಿನ ಕ್ಯೂಶು ವಿಶ್ವವಿದ್ಯಾಲಯದ ಚಿಹಾಯಾ ಅಡಾಚಿ ಅವರ ತಂಡ 2012ರಲ್ಲಿ, ಸುತ್ತಲಿನ ಸಾಮಾನ್ಯ ಉಷ್ಣತೆಯ ನೆರವಿನಿಂದಲೇ ಟ್ರಿಪ್ಲೆಟ್‌ಗಳನ್ನು ಸಿಂಗ್ಲೆಟ್‌ಗಳನ್ನಾಗಿಸುವ, ಲೋಹರಹಿತ ದಕ್ಷ ಪದಾರ್ಥಗಳನ್ನು ಪ್ರಕಟಿಸಿತು.

ನೀಲಿಯ ಸಮಸ್ಯೆ

ನೀಲಿ ಬೆಳಕಿಗೆ ಹೆಚ್ಚು ಶಕ್ತಿಯ ಎಕ್ಸಿಟಾನ್ ಬೇಕು. ಟ್ರಿಪ್ಲೆಟ್‌ಗಳ ಆಯುಷ್ಯ ಸಿಂಗ್ಲೆಟ್‌ಗಳಿಗಿಂತ ಬಹಳ ದೀರ್ಘ. ಅವು ದಟ್ಟೈಸಿದಾಗ ಪರಸ್ಪರ ಡಿಕ್ಕಿಯಾಗಿ, ಒಂದರ ಶಕ್ತಿ ಇನ್ನೊಂದಕ್ಕೆ ಸೇರಿ, ಅಣುವಿನ ಬಂಧವನ್ನೇ ಮುರಿಯಬಲ್ಲವು. ಆದಕಾರಣ ಇಂದಿಗೂ ಹೆಚ್ಚಿನ ಪರದೆಗಳಲ್ಲಿ ನೀಲಿಗೆ ದಕ್ಷತೆ ಕಡಿಮೆಯಾದರೂ ಸಿಂಗ್ಲೆಟ್ ಆಧಾರಿತ ಪದಾರ್ಥವನ್ನೇ ಬಳಸಲಾಗುತ್ತಿದೆ.

ಖರೀದಿದಾರರ ಗಮನಕ್ಕೆ

ಪ್ರಖರತೆ ಹೆಚ್ಚಿದಷ್ಟೂ ಎಕ್ಸಿಟಾನ್‌ಗಳು ದಟ್ಟೈಸುತ್ತವೆ. ಪ್ರಖರತೆಯನ್ನು ದುಪ್ಪಟ್ಟುಗೊಳಿಸಿದರೆ ಬಾಳಿಕೆ ಸಾಮಾನ್ಯವಾಗಿ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಆದ್ದರಿಂದ ಮಾರಾಟಗಾರರು ತಿಳಿಸುವ ಗಂಟೆಗಳ ಲೆಕ್ಕವನ್ನಷ್ಟೇ ನಂಬದೆ, ಅದು ಯಾವ ಪ್ರಖರತೆಯಲ್ಲಿ ಅಳೆದದ್ದು, ಮೂಲ ಬೆಳಕಿನ ಎಷ್ಟು ಶೇಕಡಾ ಉಳಿಯುವವರೆಗಿನ ಅವಧಿ ಎಂಬುದನ್ನು ಲಿಖಿತವಾಗಿ ಪಡೆಯುವುದು ಲೇಸು. ಒಂದೇ ಚಿಹ್ನೆಯನ್ನು ದಿನವಿಡೀ ತೋರಿಸುವ ಫಲಕದಲ್ಲಿ ಆ ಭಾಗವೇ ಮೊದಲು ಸವೆದು, ಅಳಿಸಲಾಗದ ನೆರಳು ಉಳಿಯುತ್ತದೆ. ಅಂತಹ ಕಡೆ ಮಿತವಾದ ಪ್ರಖರತೆ ಮತ್ತು ಬದಲಾಗುವ ಚಿತ್ರಗಳು ಹೂಡಿದ ಹಣಕ್ಕೆ ರಕ್ಷಣೆ ನೀಡುತ್ತವೆ.