ಹೋಮ್ ಥಿಯೇಟರಿನ ಬಿಸಿಗೆ ಕೈ ಸಾಕ್ಷಿಯಲ್ಲ

ಬೇಸಿಗೆ ಕಾಲಿಟ್ಟರೆ ಸಾಕು, ಹೋಮ್ ಥಿಯೇಟರ್ ಇರುವ ಮನೆಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ: ರಿಸೀವರ್ ಮೇಲೆ ಕೈ ಇಡಲಾಗುತ್ತಿಲ್ಲ, ಇದು ಸುಟ್ಟುಹೋಗುತ್ತದೆಯೇ? ಪ್ರಶ್ನೆ ಸರಿಯಾದದ್ದೇ. ಆದರೆ ಉತ್ತರ ಹೇಳಲು ಕೈಯನ್ನು ಕರೆದರೆ ಅದು ಸುಳ್ಳುಸಾಕ್ಷಿ ನುಡಿಯುತ್ತದೆ. ನಮ್ಮ ಚರ್ಮಕ್ಕೆ ಸುಮಾರು 45 ಡಿಗ್ರಿ ಸೆಲ್ಸಿಯಸ್ ಹೊತ್ತಿಗೇ ನೋವು ಶುರುವಾಗುತ್ತದೆ. ರಿಸೀವರ್ ಒಳಗಿನ ಸಿಲಿಕಾನ್ ಟ್ರಾನ್ಸಿಸ್ಟರಿನ ತಿರುಳಿಗೋ ತಯಾರಕರು ಕೊಡುವ ಮಿತಿ ಸಾಮಾನ್ಯವಾಗಿ 150 ಡಿಗ್ರಿ. ನಮಗೆ ಅಸಹನೀಯವಾದದ್ದು ಅದಕ್ಕೆ ಲೆಕ್ಕಕ್ಕೇ ಇಲ್ಲ. ಸಾಲದ್ದಕ್ಕೆ, ಶಾಖ ಎಷ್ಟು ಬೇಗ ಚರ್ಮಕ್ಕೆ ಹರಿದುಬರುತ್ತದೆ ಎಂಬುದಷ್ಟೇ ಕೈಗೆ ಗೊತ್ತಾಗುತ್ತದೆ. ಉಕ್ಕು ಮರಕ್ಕಿಂತ ನೂರಾರು ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ. ಹಾಗಾಗಿ 50 ಡಿಗ್ರಿಯ ತಗಡಿನ ಮುಚ್ಚಳ ಚುರ್ರೆನ್ನುತ್ತದೆ, ಅಷ್ಟೇ ಕಾದ ಮರದ ಹಲಗೆ ಬೆಚ್ಚಗಿದೆ ಅನ್ನಿಸುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆ ಇದಕ್ಕಿಂತ ಸ್ವಾರಸ್ಯಕರ. 'ಸೌಂಡ್ ಕಮ್ಮಿ ಇಟ್ಟಿದ್ದೇವೆ, ಆದರೂ ಬಿಸಿ. ಒಳಗೆ ಏನೋ ಕೆಟ್ಟಿದೆ' ಎಂಬ ಹೆದರಿಕೆ ಅದು. ಬಹುಪಾಲು ರಿಸೀವರ್‌ಗಳಲ್ಲಿ ಇರುವುದು ಎಬಿ ದರ್ಜೆಯ ಆ್ಯಂಪ್ಲಿಫೈಯರ್. ಅದರ ಕೆಲಸ, ಆ್ಯಕ್ಸಿಲರೇಟರ್ ಒತ್ತಿಕೊಂಡೇ ಬ್ರೇಕಿನಿಂದ ವೇಗ ನಿಭಾಯಿಸುವ ಚಾಲಕನ ರೀತಿಯದು. ಒಳಗಿನ ವೋಲ್ಟೇಜ್ ಸದಾ ಪೂರ್ತಿ ಇರುತ್ತದೆ. ಸ್ಪೀಕರಿಗೆ ಬೇಡವಾದ ಪಾಲನ್ನು ಟ್ರಾನ್ಸಿಸ್ಟರ್ ತಡೆಹಿಡಿದು ಶಾಖವಾಗಿ ಕಳೆಯುತ್ತದೆ. ಒಂದು ಚಾನೆಲ್‌ಗೆ 100 ವಾಟ್ ಕೊಡಬಲ್ಲ ಯಂತ್ರವೊಂದರ ಲೆಕ್ಕ ಹಾಕಿ ನೋಡಿ. ಒಂದೇ ಸ್ವರವನ್ನು ಪೂರ್ತಿ 100 ವಾಟಿನಲ್ಲಿ ನುಡಿಸಿದಾಗ ಆ ಚಾನೆಲ್‌ನಲ್ಲಿ ಶಾಖವಾಗುವುದು ಸುಮಾರು 27 ವಾಟ್. ವಾಲ್ಯೂಮ್ ಇಳಿಸಿ 40 ವಾಟಿಗೆ ತಂದರೆ ಶಾಖ ಇಳಿಯುವ ಬದಲು 40 ವಾಟಿಗೆ ಏರುತ್ತದೆ! ಅದರ ಅತಿ ಬಿಸಿಯ ಘಳಿಗೆಯೇ ಇದು. ಇನ್ನೂ ಇಳಿಸಿ ಒಂದೇ ಒಂದು ವಾಟ್ ಸದ್ದು ಮಾಡಿಸಿದರೂ ಸುಮಾರು 12 ವಾಟ್ ಶಾಖ ತಪ್ಪಿದ್ದಲ್ಲ. ಸಾಧಾರಣ ಸ್ಪೀಕರಿಗೆ ಒಂದು ವಾಟ್ ಕೊಟ್ಟರೆ ಹಾಲ್‌ನಲ್ಲಿ ಕೂತವರಿಗೆ ಧಾರಾಳವಾಗಿ ಕೇಳಿಸುತ್ತದೆ ಎಂಬುದನ್ನು ನೆನಪಿಡಿ. ಐದು ಚಾನೆಲ್ ಸೇರಿದರೆ 60 ವಾಟಾಯಿತು. ಸದ್ದೇ ಇಲ್ಲದಾಗಲೂ ಟ್ರಾನ್ಸಿಸ್ಟರ್‌ಗಳನ್ನು ಎಚ್ಚರವಾಗಿಡಲು ಹರಿಯುವ ಕರೆಂಟಿನ ಬಿಸಿ ಇದಕ್ಕೆ ಹೊರತು. ಡಿ ದರ್ಜೆಯ ಆ್ಯಂಪ್ಲಿಫೈಯರ್ ಮಾತ್ರ ಬೇರೆ ಜಾತಿ. ಪೂರ್ತಿ ದುಡಿಯುವಾಗ ಪಡೆದ ವಿದ್ಯುತ್ತಿನ ಶೇಕಡಾ 90ರ ಆಸುಪಾಸನ್ನು ಸ್ಪೀಕರಿಗೇ ಮುಟ್ಟಿಸುತ್ತದೆ. ಅಂಥದ್ದು ಕಾದು ಕೆಂಡವಾದರೆ ಅನುಮಾನಪಡುವುದು ನ್ಯಾಯ. ಎಬಿ ದರ್ಜೆಯದು ಬೆಚ್ಚಗಿರುವುದು ಅದರ ಜಾಯಮಾನ.

ಹಾಗಾದರೆ ಬಿಸಿಯನ್ನು ಅದರ ಪಾಡಿಗೆ ಬಿಟ್ಟುಬಿಡಬಹುದೇ? ಖಂಡಿತ ಕೂಡದು. ಹೊರಬರುತ್ತಿರುವ ಶಾಖ ಯಂತ್ರದ ಆರೋಗ್ಯದ ಗುರುತು. ಒಳಗೇ ಉಳಿದ ಶಾಖ ಅದರ ಶತ್ರು. ಆ ಶತ್ರು ಮೊದಲು ಕಚ್ಚುವುದು ಟ್ರಾನ್ಸಿಸ್ಟರನ್ನಲ್ಲ, ಪಕ್ಕದಲ್ಲಿ ತೆಪ್ಪಗೆ ನಿಂತಿರುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರನ್ನು. ಆ ಪುಟ್ಟ ಡಬ್ಬಿಯೊಳಗಿನ ದ್ರವ ಬಿಸಿಗೆ ಮೆಲ್ಲಗೆ ಆರಿಹೋಗುತ್ತದೆ. ರಾಸಾಯನಿಕ ಕ್ರಿಯೆಯ ವೇಗಕ್ಕೂ ಉಷ್ಣಕ್ಕೂ ಇರುವ ನಂಟನ್ನು ಸ್ವೀಡನ್ನಿನ ಸ್ವಾಂಟೆ ಅರ್ಹೇನಿಯಸ್ 1889ರಲ್ಲೇ ಸೂತ್ರಕ್ಕೆ ಇಳಿಸಿದ. ಅದರಿಂದ ಎಂಜಿನಿಯರರು ಒಂದು ಸ್ಥೂಲ ನಿಯಮ ಮಾಡಿಕೊಂಡಿದ್ದಾರೆ: 10 ಡಿಗ್ರಿ ತಣ್ಣಗಾದರೆ ಕೆಪಾಸಿಟರಿನ ಆಯುಸ್ಸು ಇಮ್ಮಡಿ. 105 ಡಿಗ್ರಿಯಲ್ಲಿ 2,000 ಗಂಟೆ ಬಾಳುವ ಕೆಪಾಸಿಟರ್ 75 ಡಿಗ್ರಿಯಲ್ಲಿ 16,000 ಗಂಟೆ, 65 ಡಿಗ್ರಿಯಲ್ಲಿ 32,000 ಗಂಟೆ ಬಾಳುತ್ತದೆ. ದಿನಕ್ಕೆ ನಾಲ್ಕು ಗಂಟೆ ಸಿನಿಮಾ, ಕ್ರಿಕೆಟ್ ನೋಡುವ ಮನೆಯಲ್ಲಿ 75 ಡಿಗ್ರಿಯಲ್ಲಿ ಅದಕ್ಕೆ ಹನ್ನೊಂದು ವರ್ಷ, 65 ಡಿಗ್ರಿಯಲ್ಲಿ ಇಪ್ಪತ್ತೆರಡು. ಕೈಗೆ ಗೊತ್ತೇ ಆಗದ 10 ಡಿಗ್ರಿಯ ಬೆಲೆ ಇದು.

'ಅತಿ ಬಿಸಿಯಾದರೆ ರಿಸೀವರ್ ತಾನಾಗಿಯೇ ಆಫ್ ಆಗುತ್ತದಲ್ಲ, ಮತ್ತೇಕೆ ಚಿಂತೆ?' ಎಂದು ಕೇಳುವವರಿದ್ದಾರೆ. ಆ ರಕ್ಷಣಾ ವ್ಯವಸ್ಥೆ ಟ್ರಾನ್ಸಿಸ್ಟರ್‌ಗಳು ಒಮ್ಮೆಲೇ ಸುಡದಂತೆ ಕಾಯುವಂಥದ್ದು. ಅದು ಎಚ್ಚರಗೊಳ್ಳುವ ಎಷ್ಟೋ ಮೊದಲೇ ಕೆಪಾಸಿಟರ್‌ಗಳ ಆಯುಸ್ಸು ಸವೆಯುತ್ತಿರುತ್ತದೆ. ಸಿನಿಮಾದ ನಡುವೆ ಯಂತ್ರ ಪದೇ ಪದೇ ಆಫ್ ಆಗುತ್ತಿದ್ದರೆ ವಿಷಯ ಆಗಲೇ ಕೈಮೀರುತ್ತಿದೆ ಎಂದು ತಿಳಿಯಬೇಕು: ಒಂದೋ ಗಾಳಿ ಸಾಲದು, ಇಲ್ಲವೇ ತಂತಿಗಳು ಒಂದಕ್ಕೊಂದು ತಾಗಿವೆ, ಇಲ್ಲವೇ ಆ ಯಂತ್ರಕ್ಕೆ ಒಗ್ಗದ ಕಡಿಮೆ ಓಮ್‌ನ ಸ್ಪೀಕರ್ ಜೋಡಿಸಿದ್ದಾರೆ.

ಅಳೆಯುವ ದಾರಿ ಸರಳ. ಯಂತ್ರ ಒಂದೆರಡು ಗಂಟೆ ಓಡಿದ ಮೇಲೆ ಮುಚ್ಚಳದ ತಾಪ ನೋಡಿ, ಕೋಣೆಯ ತಾಪ ಕಳೆಯಿರಿ. ಆ ವ್ಯತ್ಯಾಸ ಬರೆದಿಡಿ. ಅದೇ ವಾಲ್ಯೂಮಿನಲ್ಲಿ ಮುಂದೊಂದು ದಿನ ವ್ಯತ್ಯಾಸ 10 ಡಿಗ್ರಿ ಏರಿದ್ದರೆ ಧೂಳೋ ದೋಷವೋ ಸೇರಿದೆ. ವ್ಯತ್ಯಾಸ ಮಾತ್ರ ನೋಡಿದರೂ ಸಾಲದು. ಕಲಬುರಗಿ, ರಾಯಚೂರುಗಳ ಮೇ ತಿಂಗಳಲ್ಲಿ ಹೊರಗೇ 40 ಡಿಗ್ರಿ ದಾಟುತ್ತದೆ, ಹಲವು ಯಂತ್ರಗಳ ಕೈಪಿಡಿ ಕೋಣೆಗೆ ಹಾಕುವ ಮಿತಿ 35. ಹಣೆಗೆ ಹಿಡಿದು ಜ್ವರ ನೋಡುವ ಥರ್ಮಾಮೀಟರ್ ಈ ಕೆಲಸಕ್ಕೆ ಬಾರದು, ಕೈಗಾರಿಕೆಯವರು ಬಳಸುವ ಇನ್‌ಫ್ರಾರೆಡ್ ಥರ್ಮಾಮೀಟರ್ ಬೇಕು. ಅದೂ ಹೊಳೆಯುವ ಲೋಹದ ಮುಂದೆ ಮೋಸಹೋಗುತ್ತದೆ: ನುಣುಪಾದ ಅಲ್ಯೂಮಿನಿಯಂ ಶಾಖಕಿರಣವನ್ನು ಅತಿ ಕಡಿಮೆ ಸೂಸುವುದರಿಂದ ಸುಡುವ ಲೋಹವೂ ತಣ್ಣಗಿದೆ ಎಂದೇ ತೋರುತ್ತದೆ. ಕಪ್ಪು ಇನ್ಸುಲೇಷನ್ ಟೇಪಿನ ಚೂರು ಅಂಟಿಸಿ, ಐದು ನಿಮಿಷ ಬಿಟ್ಟು, ಟೇಪಿನ ತಾಪ ಓದಿ.

ಇಷ್ಟೆಲ್ಲ ಅಳೆದ ಮೇಲೆ ಸಾಮಾನ್ಯವಾಗಿ ಸಿಕ್ಕಿಬೀಳುವ ಅಪರಾಧಿ ಯಂತ್ರವಲ್ಲ, ಅದನ್ನಿಟ್ಟ ಜಾಗ. ಆಯುಧಪೂಜೆಗೆ ಕುಂಕುಮ ಹಚ್ಚಿ ಹೂ ಮುಡಿಸುತ್ತೇವೆ, ಉಳಿದ ದಿನ ಅದರ ಗಾಳಿಕಿಂಡಿಯ ಮೇಲೆ ಕಸೂತಿ ಬಟ್ಟೆ ಹೊದಿಸಿ, ಗಾಜಿನ ಬಾಗಿಲಿನ ಟಿವಿ ಯೂನಿಟ್‌ನೊಳಗೆ ಕೂಡಿಹಾಕುತ್ತೇವೆ. ಮುಚ್ಚಿದ ಗೂಡಿನಲ್ಲಿ ಫ್ಯಾನ್ ಇಟ್ಟರೂ ಅದೇ ಬಿಸಿಗಾಳಿ ಸುತ್ತುತ್ತದೆ, ಹೊರಗೆ ಹೋಗುವುದಿಲ್ಲ. ರಿಸೀವರಿನ ನೆತ್ತಿಯ ಮೇಲೆ ಒಂದು ಗೇಣು ಜಾಗ ಬಿಡಿ, ಗೂಡಿನ ಹಿಂಬದಿ ತೆರೆಯಿರಿ, ಮೇಲೆ ಕೂರಿಸಿದ ಸೆಟ್‌ಟಾಪ್ ಬಾಕ್ಸನ್ನು ಇಂದೇ ಕೆಳಗಿಳಿಸಿ.