ಕೋಲು ಕೀಳುವ ಮುನ್ನ

ಮುರುಗಮಲ್ಲದ ಕಡೆ ಟೊಮೆಟೊ ತೋಟ ನೋಡಿದವರಿಗೆ ಗೊತ್ತು: ಸಾಲಿನುದ್ದಕ್ಕೂ ನೀಲಗಿರಿ ಕೋಲು ನೆಟ್ಟು, ತಂತಿ ಎಳೆದು, ಗಿಡಗಳನ್ನು ದಾರದಲ್ಲಿ ಕಟ್ಟಿರುತ್ತಾರೆ. ಗೆದ್ದಲು ಹಿಡಿದ ಕೋಲೊಂದನ್ನು ಸುಮ್ಮನೆ ಕಿತ್ತರೆ ಕಾಯಿ ತುಂಬಿದ ಸಾಲೇ ನೆಲಕ್ಕೆ ಮಲಗುತ್ತದೆ. ಪಕ್ಕದಲ್ಲೊಂದು ಹೊಸ ಕೋಲು ನೆಟ್ಟು, ತಂತಿಯನ್ನು ಅದಕ್ಕೆ ಬಿಗಿದು, ಆಮೇಲೆ ಹಳೆಯದನ್ನು ಕೀಳಬೇಕು.

ಲಿನಕ್ಸ್ ಕಂಪ್ಯೂಟರಿನ ಪರದೆಯ ಹಿಂದೆಯೂ ಇಂಥದೇ ಸಾಲುಗಳಿವೆ. ಕಿಟಕಿ, ಮೆನು, ಫೈಲುಗಳನ್ನೆಲ್ಲ ತೋರಿಸುವ ತಂತ್ರಾಂಶದ ಕಟ್ಟಿಗೆ ಡೆಸ್ಕ್‌ಟಾಪ್ ಎನ್ನುತ್ತಾರೆ. ಗ್ನೋಮ್, ಕೆಡಿಇ ಅದರಲ್ಲಿ ಹೆಸರಾದವು. ಒಂದು ತಂತ್ರಾಂಶ ಓಡಲು ಇನ್ನೊಂದು ಬೇಕೇ ಬೇಕು ಎನ್ನುವುದೇ ಅವಲಂಬನೆ. ಡೆಬಿಯನ್ ಎಂಬ ಲಿನಕ್ಸ್ ಬಳಗದಲ್ಲಿ ತಂತ್ರಾಂಶ ಹಾಕುವ, ತೆಗೆಯುವ ಕೆಲಸ ಆಪ್ಟ್‌ನದು. ಅದಕ್ಕೆ ‘ನಿಜವಾಗಿ ತೆಗೆಯಬೇಡ, ತೆಗೆದರೆ ಏನಾಗುತ್ತದೆ ಹೇಳು’ ಎಂದು ಕೇಳುವ ಸೌಲಭ್ಯವಿದೆ. ಬೇಡದ್ದೆಂದು ಒಂದರ ಹೆಸರು ಕೊಟ್ಟು ನೋಡಿ. ಅದರ ಜೊತೆಗೇ ಹೊರಡಲು ಸಿದ್ಧವಾದ ಹತ್ತಾರು ಹೆಸರುಗಳ ಪಟ್ಟಿ ಎದುರಿಗೆ ಬಂದರೂ ಬಂತು. ಕೆಲವೊಮ್ಮೆ ಅದರಲ್ಲಿ ಡೆಸ್ಕ್‌ಟಾಪೇ ಇರುತ್ತದೆ!

ಈ ವಿಷಯದಲ್ಲಿ ದೊಡ್ಡ ಜಗಳ ನಡೆದದ್ದು ಸಿಸ್ಟಮ್‌ಡಿ ಸುತ್ತ. 2010ರಲ್ಲಿ ಲೆನಾರ್ಟ್ ಪೊಯೆಟರಿಂಗ್ ಮತ್ತು ಸಂಗಡಿಗರು ಆರಂಭಿಸಿದ ಇದು ಕಂಪ್ಯೂಟರ್ ಏಳುವಾಗ ಉಳಿದ ಸೇವೆಗಳನ್ನು ಎಬ್ಬಿಸುತ್ತದೆ. ಬರುಬರುತ್ತ ಬೇರೆ ಕೆಲಸಗಳೂ ಇದರ ಹೆಗಲೇರಿದವು. ಇದರ ಒಂದು ಭಾಗವಾದ ಲಾಗಿನ್‌ಡಿ, ಪರದೆಯ ಮುಂದೆ ಕೂತವರು ಯಾರೆಂದು ಲೆಕ್ಕ ಇಡುತ್ತದೆ, ಲ್ಯಾಪ್‌ಟಾಪ್ ಮುಚ್ಚಿದಾಗ ಮಲಗಿಸುತ್ತದೆ. 2013ರ ಹೊತ್ತಿಗೆ ಗ್ನೋಮ್ ಈ ಲಾಗಿನ್‌ಡಿಗೆ ಒರಗಿಕೊಂಡಿತು. ಒಂದು ಕೋಣೆಗೆಂದು ಇಡೀ ಮನೆಯ ಬಾಡಿಗೆ ಕಟ್ಟುವುದೇಕೆ ಎಂದವರು ಹಲವರು. ಡೆಬಿಯನ್ ಬಳಗದಿಂದ 2014ರಲ್ಲಿ ಡೆವುವಾನ್ ಕವಲೊಡೆದದ್ದು ಈ ತಕರಾರಿಗೇ.

2015ರಲ್ಲಿ ಪ್ರೋಗ್ರಾಮರ್ ಆಂಡಿ ವಿಂಗೊ ಹಿಡಿದದ್ದು ಟೊಮೆಟೊ ಬೆಳೆಗಾರರ ದಾರಿ. ಲಾಗಿನ್‌ಡಿಯನ್ನಷ್ಟೇ ಸಿಸ್ಟಮ್‌ಡಿಯಿಂದ ಬಿಡಿಸಿ ‘ಇಲಾಗಿನ್‌ಡಿ’ ಮಾಡಿದರು. ಕರೆಯುವ ಹೆಸರು, ಕೊಡುವ ಉತ್ತರ ಎರಡೂ ಹಳೆಯವೇ. ಹಾಗಾಗಿ ಕರೆಗೆ ಓಗೊಟ್ಟದ್ದು ಬೇರೆಯವರೆಂದು ಡೆಸ್ಕ್‌ಟಾಪಿಗೆ ತಿಳಿಯಲೇ ಇಲ್ಲ. ಬೇಡದ್ದನ್ನು ಕೈಬಿಡುವುದೆಂದರೆ, ಅದು ಮಾಡುತ್ತಿದ್ದ ಕೆಲಸವನ್ನು ಇನ್ನೊಬ್ಬರ ಕೈಗೆ ಕೊಡುವುದು.

ಇಷ್ಟು ಪಾಡೇಕೆ? ದೂರದ ಯಂತ್ರಕ್ಕೆ ಬಾಗಿಲಾದ ಓಪನ್‌ಎಸ್‌ಎಸ್‌ಎಚ್‌ನ ಕಥೆ ನೋಡಿ. ‘ನಾನು ಸಿದ್ಧ’ ಎಂಬ ಒಂದೇ ಸಾಲಿನ ಸಂದೇಶ ಕಳುಹಿಸಲೆಂದು ಕೆಲವು ಲಿನಕ್ಸ್ ಬಳಗಗಳು ಅದಕ್ಕೆ ಸಿಸ್ಟಮ್‌ಡಿಯ ಕೋಶವನ್ನು (ಲೈಬ್ರರಿ) ಹೊಲಿದಿದ್ದವು. ಆ ಕೋಶದ ಬೆನ್ನಿಗೆ ಫೈಲು ಕುಗ್ಗಿಸುವ ಎಕ್ಸ್‌ಜೆಡ್ ಕೋಶವೂ ಒಳಬಂತು. ಎಕ್ಸ್‌ಜೆಡ್‌ನ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಕಳ್ಳಬಾಗಿಲು ಅಡಗಿಸಿದ್ದರು. ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಎಂದು ಬೆನ್ನುಹತ್ತಿದ ಪ್ರೋಗ್ರಾಮರ್ ಆಂಡ್ರೆಸ್ ಫ್ರಾಯಿಂಡ್, 2024ರ ಮಾರ್ಚ್ 29ರಂದು ಅದನ್ನು ಬಯಲಿಗೆಳೆದರು. ಅದೇ ವರ್ಷ ಜುಲೈನಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 9.8, ಆ ಸಂದೇಶ ಕಳುಹಿಸುವ ಪುಟ್ಟ ಕೆಲಸವನ್ನು ಯಾವ ಕೋಶದ ಹಂಗೂ ಇಲ್ಲದೆ ತಾನೇ ಮಾಡತೊಡಗಿತು.

ಒಮ್ಮೆ ಬಿಡಿಸಿದರೆ ಮುಗಿಯಿತು ಎನ್ನುವಂತಿಲ್ಲ. ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷಿಯಲ್ಲಿ ಎಂಬಂತೆ, 2025ರ ಗ್ನೋಮ್ 49 ತನ್ನದೇ ಆದ ಸೇವಾ ನಿರ್ವಾಹಕವನ್ನು ಕೈಬಿಟ್ಟು ಸಿಸ್ಟಮ್‌ಡಿಗೆ ಮತ್ತಷ್ಟು ಅಂಟಿಕೊಂಡಿತು. ಹಳೆಯ ತುಣುಕನ್ನು ನೋಡಿಕೊಳ್ಳುವವರೇ ಇಲ್ಲದಿದ್ದರೆ ಅದೂ ಗೆದ್ದಲು ಹಿಡಿದ ಕೋಲೇ ಎಂಬುದು ಗ್ನೋಮ್ ಕಡೆಯವರ ವಾದ; ಅದರಲ್ಲಿಯೂ ಹುರುಳಿದೆ.

ಬೇಡದ್ದು ಯಾವುದು ಎಂಬ ಪಟ್ಟಿಯೂ ಎಲ್ಲರಿಗೂ ಒಂದೇ ಅಲ್ಲ. ಗ್ನೋಮ್ 2012ರಲ್ಲಿ ಐಬಸ್ ಎಂಬ ಟೈಪಿಂಗ್ ವ್ಯವಸ್ಥೆಯನ್ನು ತನ್ನೊಳಗೆ ಬೆಸೆದುಕೊಂಡಿತು. ಇಂಗ್ಲಿಷ್ ಮಾತ್ರ ಒತ್ತುವವರಿಗೆ ಅದು ದಂಡದ ಹೊರೆ; ಲಿನಕ್ಸ್‌ನಲ್ಲಿ ಕನ್ನಡ ಬರೆಯುವ ಹಲವರಿಗೆ ‘ಅ’ ಮೂಡಬೇಕಾದ ದಾರಿಯೇ ಅದು. ಹಗುರ ಮಾಡುವ ಉಮೇದಿನಲ್ಲಿ ಆಪ್ಟ್‌ಗೆ ಹೌದು ಎನ್ನುವ ಮುಂಚೆ ಆ ಪಟ್ಟಿಯನ್ನು ಕೊನೆಯ ಸಾಲಿನವರೆಗೂ ಓದಿ.