ಖಾರ್‌ಘರ್‌ಗೆ ಮೊದಲು, ನೆರೂಳಕ್ಕೆ ಆಮೇಲೆ

ನವಿ ಮುಂಬೈಯ ನೆರೂಳದಲ್ಲಿ ಪನ್ವೇಲ್ ಲೋಕಲ್ ಹತ್ತಿದರೆ ಸೀವುಡ್ಸ್, ಬೇಲಾಪುರ, ಆಮೇಲೆ ಖಾರ್‌ಘರ್. ಮೂರನೇ ನಿಲ್ದಾಣ ಬರುವಷ್ಟರಲ್ಲಿ ಠಾಣೆ ಜಿಲ್ಲೆ ಮುಗಿದು ರಾಯಗಡ ಜಿಲ್ಲೆ ಶುರುವಾಗಿರುತ್ತದೆ. ದಿನವೂ ಓಡಾಡುವವರ ಗಮನಕ್ಕೂ ಬಾರದ ಗಡಿ ಇದು. ಆದರೆ 2012ರ ಜುಲೈಯಿಂದ ಹದಿನಾರು ತಿಂಗಳಿಗೂ ಮಿಕ್ಕಿ, ಬಡವರ ಮನೆಯ ಹೃದಯ ಶಸ್ತ್ರಚಿಕಿತ್ಸೆಯ ಖರ್ಚನ್ನು ಸರ್ಕಾರ ಹೊರುತ್ತದೆಯೋ ಇಲ್ಲವೋ ಎಂಬುದು ನಿಂತಿದ್ದದ್ದು ಇದೇ ಗಡಿಯ ಮೇಲೆ.

ಮಹಾರಾಷ್ಟ್ರ ಸರ್ಕಾರ ರಾಜೀವ್ ಗಾಂಧಿ ಜೀವನದಾಯಿ ಆರೋಗ್ಯ ಯೋಜನೆಯನ್ನು 2012ರ ಜುಲೈ 2ರಂದು ಎಂಟು ಜಿಲ್ಲೆಗಳಲ್ಲಿ ಮಾತ್ರ ಆರಂಭಿಸಿತು. ಮುಂಬೈಯ ಎರಡೂ ಜಿಲ್ಲೆಗಳು, ಸೋಲಾಪುರ, ರಾಯಗಡ ಆ ಪಟ್ಟಿಯಲ್ಲಿದ್ದವು, ಠಾಣೆ ಇರಲಿಲ್ಲ. ಹಳದಿ ಮತ್ತು ಕೇಸರಿ ರೇಶನ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷ ರೂಪಾಯಿ, ಮೂತ್ರಪಿಂಡ ಕಸಿಗಾದರೆ ಎರಡೂವರೆ ಲಕ್ಷ. ನೆರೂಳದ ಕಾರ್ಡುದಾರರಿಗೆ ಇದು ದಕ್ಕಿದ್ದು ಯೋಜನೆ ಇಡೀ ರಾಜ್ಯಕ್ಕೆ ವಿಸ್ತರಿಸಿದ 2013ರ ನವೆಂಬರ್ 21ರ ನಂತರ.

ಹೀಗೆ ತುಂಡು ತುಂಡಾಗಿ ಜಾರಿಗೊಳಿಸುವುದು ಮಹಾರಾಷ್ಟ್ರ ಹೊಸದಾಗಿ ಕಂಡುಕೊಂಡ ದಾರಿಯಲ್ಲ. ಆಂಧ್ರಪ್ರದೇಶ 2007ರಲ್ಲಿ ತನ್ನ ಆರೋಗ್ಯ ವಿಮೆ ಆರೋಗ್ಯಶ್ರೀಯನ್ನು ಮೂರು ಜಿಲ್ಲೆಗಳಿಂದ ಆರಂಭಿಸಿತ್ತು. ಕರ್ನಾಟಕದ ಹಾದಿ ಅದಕ್ಕೂ ಹಳೆಯದು. ಹೃದಯ ಶಸ್ತ್ರಚಿಕಿತ್ಸಕ ಡಾ. ದೇವಿ ಶೆಟ್ಟಿ ಅವರ ಚಿಂತನೆಯಿಂದ ಮೂಡಿ 2003ರ ಜೂನ್‌ನಲ್ಲಿ ಚಿಕಿತ್ಸೆ ಆರಂಭಿಸಿದ ಯಶಸ್ವಿನಿಯಲ್ಲಿ ಸಹಕಾರ ಸಂಘದ ರೈತ ತಿಂಗಳಿಗೆ ಐದು ರೂಪಾಯಿ ಲೆಕ್ಕದಲ್ಲಿ ತಾನೇ ಕಂತು ಕಟ್ಟುತ್ತಿದ್ದ. ದಾನವಲ್ಲ, ಪಾಲು. 2018ರಲ್ಲಿ ಅದನ್ನು ನಿಲ್ಲಿಸಿದ್ದು ದುಡುಕು ಎಂದೇ ನನ್ನ ಎಣಿಕೆ. 2023ರ ಜನವರಿಯಲ್ಲಿ ಮತ್ತೆ ಚಿಕಿತ್ಸೆ ಶುರುವಾಯಿತೆಂಬುದು ಸಮಾಧಾನದ ಸಂಗತಿ.

ಕರ್ನಾಟಕದ್ದೇ ಆದ 2010ರ ವಾಜಪೇಯಿ ಆರೋಗ್ಯಶ್ರೀಯದು ಬೇರೆ ಬಗೆ. ಬಿಪಿಎಲ್ ಕುಟುಂಬ ಕಂತು ಕಟ್ಟಬೇಕಿರಲಿಲ್ಲ, ಹೆಸರು ನೋಂದಾಯಿಸಬೇಕಿರಲಿಲ್ಲ, ಕಾರ್ಡ್ ಇದ್ದರೆ ಸಾಕಿತ್ತು. ಮೊದಲು ಕಲಬುರಗಿ ವಿಭಾಗಕ್ಕೆ ಬಂತು. ದಕ್ಷಿಣದ ಜಿಲ್ಲೆಗಳು 2012ರವರೆಗೆ ಕಾಯಬೇಕಾಯಿತು. ಈ ಅಂತರದಿಂದ ಸಂಶೋಧಕರಿಗೆ ಅಪರೂಪದ ಅವಕಾಶವೊಂದು ಒದಗಿತು. ಯೋಜನೆ ಬಂದ ಭಾಗ ಮತ್ತು ಬಾರದ ಭಾಗದ ಗಡಿಯುದ್ದಕ್ಕೂ ಇರುವ 572 ಹಳ್ಳಿಗಳಲ್ಲಿ ಮನೆ ಮನೆ ಸಮೀಕ್ಷೆ ನಡೆಯಿತು. ನೀರಜ್ ಸೂದ್ ಮತ್ತು ಸಂಗಡಿಗರು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ಯೋಜನೆ ಇದ್ದ ಹಳ್ಳಿಗಳ ಬಡ ಕುಟುಂಬಗಳಲ್ಲಿ, ಅದರ ವ್ಯಾಪ್ತಿಯ ಕಾಯಿಲೆಗಳಿಂದಾದ ಸಾವು ಶೇ. 64ರಷ್ಟು ಕಡಿಮೆ, ಆಸ್ಪತ್ರೆಗೆ ಸೇರಿದವರು ಕೈಯಿಂದ ಹಾಕಿದ ಹಣ ಶೇ. 34ರಷ್ಟು ಕಡಿಮೆ. ಈ ಸಂಖ್ಯೆ ಸರ್ಕಾರಗಳಿಗೆ ಧೈರ್ಯ ಕೊಡುವಂಥದ್ದು. ಆದರೆ ಗಡಿಯ ಆಚೆ ಉಳಿದವರ ಪಾಲಿಗೆ ಕಾಯುವುದೆಂದರೆ ಏನು ಎಂಬುದನ್ನೂ ಅದೇ ಸಂಖ್ಯೆ ಹೇಳುತ್ತದೆ.

ನೆರೂಳದ ಕನ್ನಡಿಗರಿಗೆ ಇನ್ನೊಂದು ಗಡಿಯೂ ಇದೆ: ರಾಜ್ಯದ್ದು. ಹೊಟೇಲಿನಲ್ಲಿ ದುಡಿಯುವವರ, ಕ್ಯಾಂಟೀನ್ ನಡೆಸುವವರ ಹೆಸರು ಎಷ್ಟೋ ವೇಳೆ ಊರಿನ ರೇಶನ್ ಕಾರ್ಡಿನಲ್ಲೇ ಇರುತ್ತದೆ. ಕೇಂದ್ರ ಸರ್ಕಾರದ ಆರೋಗ್ಯ ವಿಮೆ ಆಯುಷ್ಮಾನ್ ಭಾರತದ ಕೇಂದ್ರ ಪಟ್ಟಿಯಲ್ಲಿದ್ದರೆ ರಾಜ್ಯ ದಾಟಿದರೂ ಚಿಕಿತ್ಸೆ ಉಂಟು. ಕರ್ನಾಟಕ ತಾನಾಗಿ ಸೇರಿಸಿಕೊಂಡ ಎಪಿಎಲ್ ಕುಟುಂಬಗಳಿಗೆ ಊರಿನಲ್ಲೇ ಪ್ಯಾಕೇಜ್ ದರದ ಶೇ. 30 ಮಾತ್ರ ಸಿಗುವುದು. ಮುಂಬೈಯಲ್ಲಿ ಅದನ್ನು ನಂಬಿ ಕೂರುವಂತಿಲ್ಲ. ಇಲ್ಲಿ ಕಾರ್ಡ್ ಮಾಡಿಸಿಕೊಂಡವರಿಗೂ ಬಹುಕಾಲ ತೊಡಕಿತ್ತು. ವರ್ಷದ ಆದಾಯ ಒಂದು ಲಕ್ಷ ದಾಟಿದರೆ ಬಿಳಿ ಕಾರ್ಡ್. ಬಿಳಿ ಕಾರ್ಡಿಗೆ ಇಲ್ಲಿ ಯೋಜನೆಯೇ ಇರಲಿಲ್ಲ. ನವಿ ಮುಂಬೈಯ ಬಾಡಿಗೆ ಕಟ್ಟಿ ಬದುಕುವ ಗುಮಾಸ್ತನನ್ನು ಒಂದು ಲಕ್ಷದ ಗೆರೆ ಶ್ರೀಮಂತರ ಸಾಲಿಗೆ ತಳ್ಳಿತ್ತು.

2024ರ ಜುಲೈಯಲ್ಲಿ ಈ ಗೆರೆ ಅಳಿಯಿತು. 2017ರಿಂದ ಮಹಾತ್ಮಾ ಜ್ಯೋತಿಬಾ ಫುಲೆ ಜನ ಆರೋಗ್ಯ ಯೋಜನೆ ಎಂದು ಹೆಸರು ಪಡೆದಿರುವ ಜೀವನದಾಯಿ ಯೋಜನೆ ಈಗ ಬಿಳಿ ಕಾರ್ಡಿನವರನ್ನೂ ಒಳಗೊಂಡಿದೆ. ಮೊತ್ತ ಕುಟುಂಬಕ್ಕೆ ಐದು ಲಕ್ಷ, 2024ರಲ್ಲಿ ಚಿಕಿತ್ಸೆಗಳು 1,356 ಇದ್ದವು. ಅದೇ ವರ್ಷದ ಅಕ್ಟೋಬರ್ ಕೊನೆಯಲ್ಲಿ ಕೇಂದ್ರ ಸರ್ಕಾರ 70 ತುಂಬಿದ ಎಲ್ಲರಿಗೂ, ಆದಾಯ ಕೇಳದೆ, ಐದು ಲಕ್ಷದ ಆಯುಷ್ಮಾನ್ ರಕ್ಷಣೆ ಆರಂಭಿಸಿತು.

ಇಷ್ಟಾದರೂ ಮನೆಯ ಲೆಕ್ಕದ ಪುಸ್ತಕದಲ್ಲಿ ಒಂದು ಬಾಬತ್ತು ಹಾಗೆಯೇ ಉಳಿದಿದೆ. ಬಿಪಿ, ಸಕ್ಕರೆ ಕಾಯಿಲೆಯ ತಿಂಗಳ ಮಾತ್ರೆ, ರಕ್ತಪರೀಕ್ಷೆ, ಡಾಕ್ಟರರ ಶುಲ್ಕ ಇವುಗಳಿಗೆ ಈ ಯೋಜನೆಗಳು ಹಣ ಕೊಡುವುದಿಲ್ಲ. ಆಸ್ಪತ್ರೆಗೆ ಸೇರಿದರೆ ಮಾತ್ರ ವಿಮೆ. ಸಕ್ಕರೆಯನ್ನು ಹತೋಟಿಯಲ್ಲಿಡಲು ನೆರವಾಗದೆ ಕಿಡ್ನಿ ಕೆಟ್ಟ ಮೇಲೆ ಡಯಾಲಿಸಿಸ್‌ಗೆ ಹಣ ಸುರಿಯುವುದು ಸರಿಯಾದ ಆರೋಗ್ಯ ನೀತಿಯಲ್ಲ. ಯಾವುದಾದರೂ ರಾಜ್ಯ ಮುಂದಿನ ಪ್ರಯೋಗ ಮಾಡುವುದಿದ್ದರೆ ಇಲ್ಲಿಂದ ಮಾಡಲಿ.

ಅಲ್ಲಿಯವರೆಗೆ ಇರುವುದನ್ನಾದರೂ ಬಿಡಬಾರದು. ಯೋಜನೆಗೆ ಒಳಪಟ್ಟ ಆಸ್ಪತ್ರೆಯಲ್ಲಿ ಆರೋಗ್ಯಮಿತ್ರರೆಂಬ ಸಿಬ್ಬಂದಿ ಕುಳಿತಿರುತ್ತಾರೆ. ದಾಖಲಾಗುವಾಗಲೇ ಅವರನ್ನು ಕಾಣಬೇಕು, ಬಿಲ್ ಕಟ್ಟಿದ ಮೇಲಲ್ಲ. ನಮ್ಮ ಕನ್ನಡ ಸಂಘಗಳು ವರ್ಷಕ್ಕೊಮ್ಮೆ ರಕ್ತದೊತ್ತಡ ತಪಾಸಣೆಯ ಶಿಬಿರ ನಡೆಸುತ್ತವೆ. ಅದೇ ಮೇಜಿನ ಪಕ್ಕದಲ್ಲಿ ರೇಶನ್ ಕಾರ್ಡಿಗೆ ಹೆಸರು ಸೇರಿಸುವ, ಆಧಾರ್ ವಿಳಾಸ ತಿದ್ದುವ, ಹಿರಿಯರ ಆಯುಷ್ಮಾನ್ ಕಾರ್ಡ್ ಮಾಡಿಸುವ ಇನ್ನೊಂದು ಮೇಜನ್ನೂ ಹಾಕಲಿ. ಹೊಟೇಲ್ ಮಾಲಕರು ತಮ್ಮ ಹುಡುಗರಿಗೆ ಅದಕ್ಕಾಗಿ ಅರ್ಧ ದಿನ ರಜೆ ಕೊಡಲಿ.